ಬರಲಿರುವ ಕಾರು

ವಕೀಲ ಚನ್ನವೀರಪ್ಪನವರ ಹಳೆಯ ಕಾರು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಒಂದು ದಿನ ಕಾಗೆ ಅದರ ಬಾನೆಟ್ಟಿನ ಮೇಲೆ ಕೂತು, “ಜಪಾನಿನಿಂದ ಹೊಸ ಸ್ಪೋರ್ಟ್ಸ್ ಕಾರು ಬರುತ್ತದಂತೆ. ಗಾಳಿಯನ್ನೂ ಹಿಂದೆ ಹಾಕುತ್ತದಂತೆ,” ಎಂದಿತು.

“ಕಣ್ಣಾರೆ ಕಂಡವರು ಯಾರು?” ಎಂದು ಕಾರು ಕೇಳಿತು.

“ಯಾರೂ ಕಂಡಿಲ್ಲ. ಕಂಡಿದ್ದರೆ ಇಷ್ಟು ಹೊಗಳುತ್ತಿದ್ದರೇ?”

ವಕೀಲರೂ ಆ ಸುದ್ದಿ ನಂಬಿದರು. ಹೊಸದಕ್ಕೆ ಜಾಗ ಬೇಕೆಂದು ಹಳೆಯ ಕಾರನ್ನು ಶೆಡ್ಡಿನಿಂದ ಬೇಲಿಯ ಬದಿಗೆ ತಳ್ಳಿಸಿದರು. ‘ಅದು ಬರುವ ತನಕವಾದರೂ ನನ್ನನ್ನು ಓಡಿಸಬಾರದೇ’ ಎಂದು ಕಾರು ಒಳಗೊಳಗೇ ಕೊರಗಿತು. ಹಾಗೆಯೇ ಮೂರು ಮಳೆಗಾಲ ನೆನೆಯಿತು.

ಅಂಥ ಕಾರು ತಯಾರಾಗುವುದೇ ಇಲ್ಲವೆಂದು ತಿಳಿದ ಮೇಲೆ ವಕೀಲರು ಬಂದು ಕೀಲಿ ತಿರುಗಿಸಿದರು. ಕಾರು ಇದ್ದಬದ್ದ ಜೀವವನ್ನೆಲ್ಲ ಕೂಡಿಸಿ ಒಮ್ಮೆ ಕೆಮ್ಮಿತು. ತುಕ್ಕು ಹಿಡಿದ ಎಂಜಿನ್ನು ಅಲುಗಲಿಲ್ಲ.

“ಇದು ನಂಬುವಂಥ ಕಾರಲ್ಲವೆಂದು ನನಗೆ ಮೊದಲೇ ಗೊತ್ತಿತ್ತು,” ಎನ್ನುತ್ತ ವಕೀಲರು ಗುಜರಿಯವನಿಗೆ ಫೋನ್ ಮಾಡಿದರು.