ನಿಂತ ಕಾಲು

"ಬುದ್ಧಿ, ನೋವನ್ನು ಯಾರಿಗೂ ಹೇಳದೆ ಸಹಿಸಿಕೊಳ್ಳುವುದು ದೊಡ್ಡ ಗುಣವಲ್ಲವೇ?" ಎಂದು ಮಠದ ಅಡುಗೆಮನೆಯಲ್ಲಿ ದಿನವಿಡೀ ಒಲೆಯ ಮುಂದೆ ನಿಂತಿರುತ್ತಿದ್ದ ಶಿಷ್ಯ ಗುರುಮಲ್ಲ ಕೇಳಿದ.

ಗುರುಗಳು ಈ ಕತೆ ಹೇಳಿದರು.

ನಾನು ಹುಡುಗನಾಗಿದ್ದಾಗ ನಮ್ಮ ಸೀಮೆಯಲ್ಲಿ ಒಬ್ಬ ಕ್ಷೌರಿಕನಿದ್ದ. ಆಗ ಅವನಿಗೆ ಅಂಗಡಿ ಇರಲಿಲ್ಲ. ಕತ್ತಿ, ಕತ್ತರಿ, ಕನ್ನಡಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೆಳಗಾಗುತ್ತಲೇ ಊರಿಂದ ಊರಿಗೆ ನಡೆಯುತ್ತಿದ್ದ. ಹುಣಸೆಮರದ ನೆರಳು ಸಿಕ್ಕಿದರೆ ಅಲ್ಲೇ ಕುಳಿತು ಕೆಲಸ ಮಾಡುತ್ತಿದ್ದ. ಒಂದು ಊರಿನ ಸುದ್ದಿ ಇನ್ನೊಂದು ಊರಿಗೆ ಅವನ ಬಾಯಿಂದಲೇ ತಲುಪುತ್ತಿತ್ತು. ಮಧ್ಯಾಹ್ನ ಯಾರದೋ ಜಗುಲಿಯಲ್ಲಿ ಮುದ್ದೆ ಉಂಡು ಮತ್ತೆ ನಡೆಯುತ್ತಿದ್ದ. ಅವನು ಬರುವ ದಾರಿಯನ್ನು ನಾವೆಲ್ಲ ಕಾಯುತ್ತಿದ್ದೆವು.

ಕಾಲ ಬದಲಾಯಿತು. ಜನ ಪೇಟೆಗೆ ಹೋಗಿ ಕ್ಷೌರ ಮಾಡಿಸಿಕೊಳ್ಳತೊಡಗಿದರು. ಅವನೂ ಪೇಟೆಯಲ್ಲಿ ಅಂಗಡಿ ತೆರೆದ. ಗಿರಾಕಿ ಕುರ್ಚಿಯಲ್ಲಿ ಕೂರುತ್ತಿದ್ದ. ಇವನು ಬೆಳಗಿನಿಂದ ದೀಪ ಹಚ್ಚುವವರೆಗೆ ಒಂದೇ ಕಡೆ ನಿಂತಿರುತ್ತಿದ್ದ. ವರ್ಷಗಳು ಕಳೆದಂತೆ ಅವನ ಮೀನಖಂಡದ ಮೇಲೆ ನೀಲಿ ನರಗಳು ಉಬ್ಬಿಕೊಂಡವು. ಸಂಜೆಗೆ ಪಾದ ಊದುತ್ತಿತ್ತು. ಕಣಕಾಲಿನ ಹತ್ತಿರ ಚರ್ಮ ಕಪ್ಪಾಯಿತು, ತುರಿಸಿತು, ಕೊನೆಗೆ ಹುಣ್ಣಾಯಿತು. ಅವನು ಅದಕ್ಕೆ ಬಟ್ಟೆ ಸುತ್ತಿ ಯಾರಿಗೂ ಕಾಣದಂತೆ ನೋಡಿಕೊಂಡ. ಕಂಡದ್ದು ಹೆಂಡತಿ ಚಿಕ್ಕತಾಯಮ್ಮನಿಗೆ ಮಾತ್ರ. ಅವಳು ಆಸ್ಪತ್ರೆಗೆ ಹೋಗೋಣ ಎಂದಾಗಲೆಲ್ಲ, "ದುಡಿದ ಕಾಲು, ನೋಯದೆ ಇರುತ್ತದೆಯೇ" ಎನ್ನುತ್ತಿದ್ದ.

ಒಂದು ದಿನ ಗಿರಾಕಿಯ ಮುಖಕ್ಕೆ ಸೋಪು ಹಚ್ಚುತ್ತಿದ್ದಾಗ ಪಾದ ಬೆಚ್ಚಗಾದಂತೆನಿಸಿತು. ಬಗ್ಗಿ ನೋಡಿದರೆ ಉಬ್ಬಿದ ನರ ಒಡೆದು ನೆಲವೆಲ್ಲ ರಕ್ತ. ಅವನು ಕುಸಿದ. ಗಿರಾಕಿ ಸೋಪಿನ ಮುಖದಲ್ಲೇ ಎದ್ದು ಅವನನ್ನು ನೆಲಕ್ಕೆ ಮಲಗಿಸಿ, ಕಾಲನ್ನು ಕುರ್ಚಿಯ ಮೇಲೆತ್ತಿ, ಒಡೆದ ಜಾಗವನ್ನು ಟವೆಲಿನಿಂದ ಒತ್ತಿ ಹಿಡಿದ. ರಕ್ತ ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನೋಡಿ ಹೇಳಿದರು: "ಕಾಲಿಗೆ ಇಳಿದ ರಕ್ತ ಮತ್ತೆ ಎದೆಗೆ ಏರಬೇಕು. ಅದು ಕೆಳಗೆ ಜಾರದಂತೆ ರಕ್ತನಾಳದೊಳಗೆ ಪುಟ್ಟ ಕದಗಳಿರುತ್ತವೆ. ನಡೆಯುವಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಸದಾ ನಿಂತೇ ಇದ್ದರೆ ಕೆಳಗೇ ತುಂಬಿಕೊಳ್ಳುತ್ತದೆ. ನಿಮ್ಮ ಕದಗಳು ಕೆಟ್ಟಿವೆ. ಆ ನಾಳವನ್ನು ಒಳಗಿನಿಂದ ಶಾಖ ಕೊಟ್ಟು ಮುಚ್ಚಬೇಕು."

"ಮುಚ್ಚಿದರೆ ರಕ್ತ ಯಾವ ದಾರಿಯಲ್ಲಿ ಹೋಗುತ್ತದೆ ತಾಯಿ?"

"ಇನ್ನೂ ಆಳದಲ್ಲಿ ಒಳ್ಳೆಯ ನಾಳಗಳಿವೆ, ಅವು ಸಾಕು. ಆಮೇಲೆ ಬಿಗಿ ಕಾಲುಚೀಲ ಹಾಕಿಕೊಳ್ಳಿ. ಮಲಗುವಾಗ ಕಾಲು ಎತ್ತರದಲ್ಲಿಡಿ. ದಿನಾ ನಡೆಯಿರಿ."

"ನಡೆಯಬಹುದೇ?" ಎಂದು ಅವನು ಮತ್ತೊಮ್ಮೆ ಕೇಳಿದ. ಅಷ್ಟು ವರ್ಷ ನೋವಿಗೆ ಅಳದವನು ಆಗ ಅತ್ತ.

ನಾಳ ಮುಚ್ಚಿಸಿಕೊಂಡ ಮೇಲೂ ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಅಂಗಡಿಯಲ್ಲಿ ಕೂತು ಕೆಲಸ ಮಾಡಲು ಎತ್ತರದ ಸ್ಟೂಲ್ ಇಟ್ಟುಕೊಂಡ. ಬೆಳಗಿನ ಹೊತ್ತು, ಪೇಟೆಗೆ ಬರಲಾಗದ ಮುದುಕರ ಕ್ಷೌರಕ್ಕೆಂದು ಹಳ್ಳಿಗಳ ಕಡೆ ನಡೆಯತೊಡಗಿದ. ಹುಣಸೆಮರಗಳನ್ನು ರಸ್ತೆಗೆಂದು ಕಡಿದಿದ್ದರು. ಎಷ್ಟೋ ಜಗುಲಿಗಳಲ್ಲಿ ಅವನ ಗುರುತಿನವರು ಇರಲಿಲ್ಲ. ಒಂದು ಮನೆಯಲ್ಲಿ ಕಣ್ಣು ಕಾಣದ ಮುದುಕನೊಬ್ಬ, ಗಲ್ಲಕ್ಕೆ ಕೈ ತಾಗಿದೊಡನೆ ಗುರುತು ಹಿಡಿದು, "ಇಷ್ಟು ಕಾಲ ಎಲ್ಲಿಗೆ ಹೋಗಿದ್ದೆಯಪ್ಪ?" ಎಂದು ಕೇಳಿದ.

"ಎಲ್ಲಿಗೂ ಹೋಗಿರಲಿಲ್ಲ, ನಿಂತಿದ್ದೆ" ಎಂದ ಕ್ಷೌರಿಕ.

ಆ ಸಂಜೆ ಅವನು ಚಿಕ್ಕತಾಯಮ್ಮನಿಗೆ, "ನೀನು ಹೇಳಿದಾಗಲೇ ಆಸ್ಪತ್ರೆಗೆ ಹೋಗಿದ್ದರೆ ಇನ್ನೂ ಕೆಲವರನ್ನು ಕಾಣಬಹುದಿತ್ತು" ಎಂದ.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲ ನೆಲ ನೋಡುತ್ತ ನಿಂತಿದ್ದ.

"ಈಗ ಪಂಚೆ ಸ್ವಲ್ಪ ಮೇಲೆತ್ತಪ್ಪ, ನಿನ್ನ ಕಾಲು ನೋಡೋಣ" ಎಂದರು ಗುರುಗಳು.