ಬೂದಿಯ ಉಪವಾಸ

ಹೊಳೆ ದಂಡೆಯ ಮಠದಲ್ಲಿ ಬೂದಿ ಬಣ್ಣದ ಬೆಕ್ಕೊಂದಿತ್ತು. ಹೆಸರೂ ಬೂದಿಯೇ. ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅವರು ಪ್ರವಚನಕ್ಕೆಂದು ಪರ ಊರಿಗೆ ಹೋಗಿದ್ದಾಗ ಬೆಕ್ಕು ಊಟ ಬಿಟ್ಟಿತು.

ಅಜ್ಜಾರು ಮರಳಿ ಬಂದ ದಿನ ಶಿಷ್ಯ ಮುಪ್ಪಯ್ಯ ಬಾಗಿಲಲ್ಲೇ ಸುದ್ದಿ ಮುಟ್ಟಿಸಿದ.

“ಅಜ್ಜಾರ, ನಮ್ಮ ಬೂದಿಗೆ ವೈರಾಗ್ಯ ಬಂದೈತ್ರಿ. ತಾಟಿನ ತನಕಾ ಬರ್ತಾಳ, ಮೂಸಿ ನೋಡ್ತಾಳ, ಹಿಂದ ಸರೀತಾಳ. ಆಸೆ ಗೆದ್ದಾಳ್ರಿ.”

“ಮತ್ತ?”

“ಕುಂತಲ್ಲೇ ಮುಂಗಾಲಿಂದ ಗಲ್ಲ ಒರಸ್ಕೊಂತಾಳ್ರಿ. ನಾವು ವಿಭೂತಿ ಹಚ್ಕೊಂಡಂಗ.”

ಭಕ್ತರೂ ಇದನ್ನು ನಂಬಿ ಬೆಕ್ಕಿನ ಮುಂದೆ ಹೂವಿಟ್ಟು ಕೈ ಮುಗಿಯುತ್ತಿದ್ದರು. ಪಾಪ, ಬೆಕ್ಕಿಗೆ ಹೂವಿನಿಂದ ಏನಾಗಬೇಕು.

ಮುಪ್ಪಯ್ಯನದೂ ಹೆಚ್ಚು ಕಡಿಮೆ ಉಪವಾಸವೇ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಈಚೆಗೆ ತೀರಿಹೋಗಿದ್ದಳು. ಮಠ ಸೇರಿದವನಿಗೆ ಯಾವ ಅಕ್ಕ ಎಂದು ಅವನು ಮಣ್ಣಿಗೂ ಹೋಗಲಿಲ್ಲ, ಅಳಲೂ ಇಲ್ಲ. ಆಗಿನಿಂದ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದ. ಭಕ್ತರು ಅದನ್ನೂ ಹೊಗಳಿದ್ದರು.

ಅಜ್ಜಾರು ಶಿಷ್ಯನ ಇಳಿದ ಮುಖ ನೋಡಿದರು. ಆಮೇಲೆ ಬೆಕ್ಕಿನ ಹತ್ತಿರ ಕುಳಿತರು.

“ಆಸೆ ಗೆದ್ದಿದ್ದು ತಾಟಿನ ತನಕಾ ಯಾಕ ಬರ್ತೈತೋ?”

ಅಜ್ಜಾರು ಗಲ್ಲ ಮುಟ್ಟಲು ಹೋದರೆ ಬೆಕ್ಕು ತಲೆ ಹಿಂದಕ್ಕೆ ಎಳೆದುಕೊಂಡಿತು.

“ಹಸಿವು ಐತಿ. ನೋವು ಅದಕ್ಕಿಂತ ದೊಡ್ಡದೈತಿ. ಒಂದು ಟವೆಲ್ ತಾ.”

ಅಜ್ಜಾರು ಬೆಕ್ಕನ್ನು ಕೂಸಿನಂತೆ ಟವೆಲ್ಲಿನಲ್ಲಿ ಸುತ್ತಿ, ಮುಖವಷ್ಟೇ ಹೊರಗೆ ಬಿಟ್ಟರು. ಗದ್ದದ ಕೂದಲು ಜೊಲ್ಲಿನಿಂದ ಅಂಟಿಕೊಂಡಿತ್ತು. ಒಂದು ಕಣ್ಣಿನ ಕೆಳಗೆ ಗಲ್ಲ ಉಬ್ಬಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ತುಟಿ ಎತ್ತಿದರು.

“ಬಾ, ನಿನ್ನ ಯೋಗಿನಿ ದರ್ಶನಾ ಮಾಡು.”

ಮುಪ್ಪಯ್ಯ ಬಗ್ಗಿದವನು ವಾಸನೆಗೆ ಮುಖ ತಿರುಗಿಸಿದ. ಒಸಡು ಕೆಂಪಗೆ ಬಾತಿತ್ತು. ಹಿಂದಿನ ಹಲ್ಲೊಂದು ಕೊಳೆತು ಕಂದುಗಟ್ಟಿತ್ತು. ಅವನಿಗೆ ನಾಚಿಕೆಯಾಯಿತು. ಓಡಿಹೋಗಿ ಲವಂಗದ ಎಣ್ಣೆ ತಂದ.

“ಅದನ್ನ ಹಚ್ಚಬ್ಯಾಡ. ನಮ್ಮ ಹಲ್ಲಿಗೆ ಔಷಧ, ಬೆಕ್ಕಿಗೆ ವಿಷ. ನಮ್ಮ ನೋವಿನ ಗುಳಿಗಿನೂ ಕೊಡಬಾರದು. ಪ್ಯಾಟಿಗೆ ಹೋಗು, ದನದ ದವಾಖಾನಿಗೆ.”

“ಭಾಳ ಖರ್ಚು ಬರ್ತೈತೇನ್ರಿ?”

“ಸರಕಾರಿ ದವಾಖಾನಿ. ನಮ್ಮಂಥವರಿಗೇ ಇರೋದು. ಬಾಯಿ ನಾರಾಕ ಹತ್ತಿದಾಗ ನೋಡಿದ್ದರ ಇನ್ನೂ ಸಲೀಸಿತ್ತು.”

ಮುಪ್ಪಯ್ಯ ಹಣ್ಣಿನ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟು, ಮೇಲೆ ಬಟ್ಟೆ ಕಟ್ಟಿ ಹೊರಟ. ದಾರಿಯುದ್ದಕ್ಕೂ ಅದು ಕೂಗುತ್ತಲೇ ಇತ್ತು.

ದವಾಖಾನೆಯಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತರು. ಮೇಜಿನ ಮೇಲೆ ಬೂದಿ ಬಟ್ಟೆಯ ತುಂಡಿನಂತೆ ಬಿದ್ದಿತ್ತು. ಮುಪ್ಪಯ್ಯ ಅದರ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ.

“ಹೋತೇನ್ರಿ?”

“ಮಂಪರು ಅಷ್ಟ. ಏಳ್ತೈತಿ ತಡೀರಿ.”

ಅವನಿಗೆ ತಡೆಯಲಾಗಲಿಲ್ಲ. ಬೆಕ್ಕಿನ ತಲೆ ಸವರುತ್ತ ಕಿವಿಯ ಹತ್ತಿರ ಬಗ್ಗಿ, “ಏಳವ್ವಾ, ಏಳು,” ಎಂದ. ಅಕ್ಕನ ಹತ್ತಿರ ಹೋಗಿ ಒಂದು ಮಾತೂ ಆಡಲಿಲ್ಲವಲ್ಲ ಎಂದು ಆಗ ನೆನಪಾಯಿತು. ಬೂದಿ ಕಿವಿ ಅಲುಗಿಸುವವರೆಗೂ ಅವನು “ಏಳವ್ವಾ” ಎನ್ನುತ್ತಲೇ ಇದ್ದ.

ಮಠದಲ್ಲಿ ಅಜ್ಜಾರು ದಿನಾ ಅನ್ನವನ್ನು ಬೆರಳಲ್ಲಿ ನುಣ್ಣಗೆ ಕಿವುಚಿ, ಸ್ವಲ್ಪ ಹಾಲು ಬೆರೆಸಿ ಬೆಕ್ಕಿನ ಮುಂದಿಡುತ್ತಿದ್ದರು. ಡಾಕ್ಟರು ಕೊಟ್ಟ ಔಷಧವನ್ನು ಮುಪ್ಪಯ್ಯ ಹಾಕುತ್ತಿದ್ದ. ಅವನ ಕೈತುಂಬ ಬೂದಿಯ ಉಗುರಿನ ಗೀರು.

ಗಲ್ಲದ ಬಾವು ಇಳಿಯಿತು. ಒಂದು ಮುಂಜಾನೆ ಬೆಕ್ಕು ತನ್ನ ಪಾಲು ಮುಗಿಸಿ, ಸೀದಾ ಬಂದು ಮುಪ್ಪಯ್ಯನ ತಾಟಿಗೆ ಬಾಯಿ ಹಾಕಿತು.

ಮುಪ್ಪಯ್ಯ ನಕ್ಕ. ಅವನು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು.

“ಅಜ್ಜಾರ, ಇಕಿ ವೈರಾಗ್ಯ ಹೋತ್ರಿ.”

“ಹೋಗಲಿ ಬಿಡು.”

ತಾಟನ್ನು ಬೂದಿಗೇ ಬಿಟ್ಟು ಮುಪ್ಪಯ್ಯ ಏಳಹೊರಟ. ಅಜ್ಜಾರು ಅವನ ಕೈ ಹಿಡಿದು ಕೂರಿಸಿದರು. ಬೇರೆ ತಾಟಿನಲ್ಲಿ ಅನ್ನ ಹಾಕಿ, ಹಾಲು ಸುರಿದು, ಬೆಕ್ಕಿಗೆ ಮಾಡುತ್ತಿದ್ದ ಹಾಗೆಯೇ ಬೆರಳಲ್ಲಿ ನುಣ್ಣಗೆ ಕಿವುಚಿದರು. ತಾಟನ್ನು ಅವನ ಮುಂದೆ ಸರಿಸಿ ತಾವೂ ಎದುರಿಗೆ ಕುಳಿತರು.

“ಈಗ ನೀ ಹೇಳು, ಮುಪ್ಪಯ್ಯ. ನಿನಗ ಎಲ್ಲಿ ನೋಯ್ತೈತಿ?”