ಚಿಲಕ ಹಾಕದ ಬಾಗಿಲು

ನೇಕಾರರ ಓಣಿಯಲ್ಲಿ ಮೊದಲ ಶಿಶುವಿಹಾರ ತೆರೆದವರು ತುಂಗಾಬಾಯಿ. ಓಣಿಯವರು ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅದಕ್ಕೂ ಮುಂಚೆ ಅಲ್ಲಿನ ತಾಯಂದಿರು ಮಗ್ಗದ ಕೆಲಸ ಮುಗಿಯುವವರೆಗೆ ಎಳೆಯ ಮಕ್ಕಳನ್ನು ಕಂಬಕ್ಕೆ ಕಟ್ಟಿಹಾಕುತ್ತಿದ್ದರು. "ಅವರನ್ನ ನನ್ನ ಹತ್ರ ಬಿಡ್ರಿ. ಹಾಡು ಕಲಸ್ತೀನಿ, ಆಟ ಆಡಸ್ತೀನಿ" ಎಂದು ತುಂಗಾಬಾಯಿ ಆರು ತಿಂಗಳು ಮನೆಮನೆ ಅಲೆದರು. ಕೊನೆಗೆ ಹನ್ನೆರಡು ಮಕ್ಕಳು ಬಂದವು. ಓಣಿಯ ಹಿರಿಯರು ಹೇಳಿದ್ದು ಒಂದೇ ಮಾತು: "ಒಂದು ಕೂಸಿಗೆ ಏನರ ಆದ್ರ, ಅವತ್ತ ಸಾಲಿ ಮುಚ್ಚಬೇಕ್ರಿ."

ಆ ಮಾತು ತುಂಗಾಬಾಯಿಯ ಎದೆಯಲ್ಲಿ ಕೂತುಬಿಟ್ಟಿತು. ದಿನಕ್ಕೆ ಹತ್ತು ಸಲ ತಲೆ ಎಣಿಸುತ್ತಿದ್ದರು.

ಒಂದು ಮಧ್ಯಾಹ್ನ ಒಂದು ಮಗು ವಾಂತಿ ಮಾಡಿಕೊಂಡಿತು. ಅದರ ಬಾಯಿ ತೊಳೆಸಿ ಬಂದು ಎಣಿಸಿದರೆ ಹನ್ನೊಂದೇ. ಮತ್ತೆ ಎಣಿಸಿದರು. ಕಾಶವ್ವನ ಮಗಳು, ಮೂರು ವರ್ಷದ ನೀಲಿ ಇರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ನೀರು ತರಲು ಹೋಗಿ ಚಿಲಕ ಹಾಕದೆ ಬಂದದ್ದು ತಾವೇ ಎಂದು ತುಂಗಾಬಾಯಿಗೆ ನೆನಪಾಯಿತು.

ಆಯಾ ಪಾರವ್ವ ಪಿಸುಗುಟ್ಟಿದಳು: "ಯಾರಿಗೂ ಹೇಳಬ್ಯಾಡ್ರಿ ಅಕ್ಕೋರ. ನಾವಿಬ್ಬರ ಹುಡುಕೋಣು. ಗೊತ್ತಾದ್ರ ನಿಮ್ಮನ್ನ ಓಣಿ ಬಿಡಸ್ತಾರ."

ಹಾಗೇ ಮಾಡಿಬಿಡೋಣ ಎಂದು ತುಂಗಾಬಾಯಿಗೆ ಅನ್ನಿಸಿತು. ಆದರೆ ಹಿತ್ತಲಾಚೆ ಏನೇನಿದೆಯೋ, ಬೇರೆ ಊರಿಂದ ಬಂದ ತಮಗೇನು ಗೊತ್ತು? ಹೆದರುತ್ತಲೇ ಬೀದಿಗೆ ಓಡಿದರು.

"ನೀಲಿ ಕಾಣವಲ್ಲಳು. ಹಿತ್ತಲ ಬಾಗಲದ ಚಿಲಕ ಹಾಕದ ಬಿಟ್ಟಾಕಿ ನಾನು. ಎಲ್ಲಾರೂ ಬರ್ರಿ."

ಮಗ್ಗಗಳ ಸದ್ದು ನಿಂತಿತು. ಕಾಶವ್ವ ಎದೆ ಬಡಿದುಕೊಳ್ಳುತ್ತ ಬಂದಳು. ನೂಲಿಗೆ ಬಣ್ಣ ಹಾಕುವ ಮುದುಕ ಈರಪ್ಪನಿಗೆ ಥಟ್ಟನೆ ಹೊಳೆಯಿತು. ಹಿತ್ತಲಾಚೆ ನೂಲು ಅದ್ದುತ್ತಿದ್ದ ಬಣ್ಣದ ಹಳೆಯ ಗುಂಡಿಯೊಂದಿತ್ತು. ಮೇಲೆ ಹರಕು ಚಾಪೆ, ಒಳಗೆ ಮಳೆನೀರು. ಅವನು ಓಡಿಹೋಗಿ ಬಗ್ಗಿ ನೋಡಿದಾಗ ನೀಲಿ ಕೊರಳಮಟ್ಟದ ನೀರಿನಲ್ಲಿ ಚಾಪೆಗೆ ಆಧಾರವಾಗಿದ್ದ ಒಂದು ಬಿದಿರು ಹಿಡಿದುಕೊಂಡಿದ್ದಳು. ಬೆರಳುಗಳು ಸಡಿಲುತ್ತಿದ್ದವು. ಮೇಲೆತ್ತಿದಾಗ ಅವಳಿಗೆ ಅಳುವಷ್ಟೂ ತ್ರಾಣವಿರಲಿಲ್ಲ.

ಮರುದಿನ ತುಂಗಾಬಾಯಿ ಬಾಗಿಲು ತೆರೆದು ಕೂತರು. ಒಂಬತ್ತಾಯಿತು, ಹತ್ತಾಯಿತು, ಒಂದು ಮಗುವೂ ಬರಲಿಲ್ಲ. ಆಮೇಲೆ ಓಣಿಯ ತುದಿಯಲ್ಲಿ ಜನ ಕಂಡರು. ಗಂಡಸರ ಕೈಯಲ್ಲಿ ಗುದ್ದಲಿಗಳಿದ್ದವು. ಶಿಶುವಿಹಾರ ಕೆಡವಲು ಬಂದರೆಂದುಕೊಂಡು ತುಂಗಾಬಾಯಿ ಎದ್ದು ನಿಂತರು.

ಮುಂದೆ ಕಾಶವ್ವ ಇದ್ದಳು, ಸೊಂಟದ ಮೇಲೆ ನೀಲಿ.

"ತಪ್ಪು ನಿಮ್ಮದ ಅಕ್ಕೋರ" ಎಂದಳು. "ಅದನ್ನ ನಾ ಮರಿಯಾಂಗಿಲ್ಲ. ಆದ್ರ ನೀವು ಮುಚ್ಚಿಟ್ಟಿದ್ರ ನನ್ನ ಕೂಸು ಇವತ್ತು ಇರತಿರಲಿಲ್ಲ. ಇವರು ಆ ಗುಂಡಿ ಮುಚ್ಚಾಕ ಬಂದಾರ. ನೀವು ಈಕಿನ್ನ ಒಳಗ ಕರಕೊಳ್ರಿ."

ತುಂಗಾಬಾಯಿ ಮಗುವನ್ನು ಎತ್ತಿಕೊಂಡರು. ಒಳಗೆ ಹೋಗಿ ಮೊದಲು ಹಿತ್ತಲ ಬಾಗಿಲಿಗೆ ಚಿಲಕ ಹಾಕಿದರು.

ನೀತಿ: ತಪ್ಪಾದಾಗ ಹೆದರಿಕೆ ಸಹಜ. ಹೆದರುತ್ತಲೇ ಆದರೂ ಆ ಕ್ಷಣವೇ ಒಪ್ಪಿಕೊಂಡವರಿಗೆ ನಾಲ್ಕು ಜನರ ನೆರವು ಸಿಗುತ್ತದೆ. ಮುಚ್ಚಿಟ್ಟರೆ ಆ ತಪ್ಪಿಗೆ ಬೆಲೆ ತೆರುವವರು ಏನೂ ಅರಿಯದ ಬೇರೆಯವರು.